ಹ್ಯಾಂಡ್‌ಬ್ರೇಕ್ ಮುಟ್ಟದ ಮೈದುನ

ನನ್ನ ಮೈದುನನಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಆಟೋಮ್ಯಾಟಿಕ್ ಗೇರಿನ ಟ್ರಕ್ ಕೊಂಡ ಮೇಲಂತೂ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನಮ್ಮ ಅಂಗಳ ಇಳಿಜಾರು. ಅಲ್ಲಿ ಮೂತಿ ಮೇಲೆ ಮಾಡಿ ನಿಲ್ಲಿಸಿ, ಗೇರನ್ನು ‘ಪಿ’ಗೆ, ಅಂದರೆ ಪಾರ್ಕಿಂಗಿಗೆ, ತಳ್ಳಿ, ಇಳಿದುಬಿಡುತ್ತಾನೆ. ಹ್ಯಾಂಡ್‌ಬ್ರೇಕ್ ಮುಟ್ಟುವುದಿಲ್ಲ.

“ಅದೆಲ್ಲ ಪುಕ್ಕಲರಿಗೆ ಅತ್ತಿಗೆ. ‘ಪಿ’ ಹಾಕಿದ್ರೆ ಮುಗೀತು.”

ಅಂದು ಬೆಳಿಗ್ಗೆ ಆ ಟ್ರಕ್ಕಿಗೆ ನನ್ನ ಮಗಳ ಟೊಮೆಟೊ ಸಸಿಗಳ ತಟ್ಟೆಗಳನ್ನು ತುಂಬಿದ್ದೆವು. ಮಕ್ಕಳನ್ನು ನೋಡಿಕೊಂಡ ಹಾಗೆ ನೋಡಿಕೊಂಡು ಬೆಳೆಸಿದ್ದಳು. ಅವಳ ಮೊದಲ ಗಿರಾಕಿ ಕೆಲಸದಾಳುಗಳನ್ನು ಕರೆಸಿಕೊಂಡು ಕಾಯುತ್ತಿದ್ದ. ಬಿಸಿಲೇರುವುದರೊಳಗೆ ಬಾರದಿದ್ದರೆ ಬೇರೆ ಕಡೆ ಕೊಳ್ಳುತ್ತೇನೆ ಎಂದಿದ್ದ.

ಮೈದುನ ಕೂತ, ಎಂಜಿನ್ ಶುರು ಮಾಡಿದ, ಬ್ರೇಕ್ ಒತ್ತಿ ಗೇರು ಎಳೆದ. ಬರಲಿಲ್ಲ. ಎರಡೂ ಕೈಯಿಂದ ಎಳೆದ. ಒಂದು ಕಾಲನ್ನು ಡ್ಯಾಶ್‌ಬೋರ್ಡಿಗೆ ಊರಿ ಎಳೆದ. ಕೊನೆಗೆ ನನ್ನ ಹೊಲಿಗೆ ಮಿಷನ್ನಿನ ಎಣ್ಣೆ ತರಿಸಿ ಗೇರಿನ ಬುಡಕ್ಕೆ ಸುರಿದ. ಈಗ ಗೇರಿನ ಜೊತೆ ಅವನ ಪ್ಯಾಂಟೂ ಮಿರಮಿರ ಮಿಂಚತೊಡಗಿತು.

“ಕಂಪನಿಯೋರು ಮೋಸ ಮಾಡಿದಾರೆ,” ಎಂದ. ಹಿಂದಿನ ದಿನವಷ್ಟೇ ಇಂಥ ಗಾಡಿ ಲೋಕದಲ್ಲಿಲ್ಲ ಎಂದಿದ್ದ ಬಾಯಿ ಅದು.

ತುದಿಯ ಸಸಿಗಳು ಆಗಲೇ ತಲೆ ಬಗ್ಗಿಸಿದ್ದವು. ಮಗಳು ತನ್ನ ದುಪಟ್ಟಾ ತೆಗೆದು ಅವುಗಳ ಮೇಲೆ ಹೊದಿಸಿದಳು.

ನಮ್ಮ ಬಚ್ಚಲುಮನೆಯ ಬಾಗಿಲು ನೆನಪಾಯಿತು. ಅದು ಚಿಲಕದ ಮೇಲೆ ಭಾರ ಬಿಟ್ಟು ನಿಂತರೆ, ಎಷ್ಟು ಎಳೆದರೂ ಚಿಲಕ ಜಾರುವುದಿಲ್ಲ. ಬಾಗಿಲನ್ನು ಮೊದಲು ಒಳಕ್ಕೆ ಎಳೆದುಕೊಂಡರೆ ಬೆರಳಲ್ಲೇ ಬರುತ್ತದೆ.

“ಗಾಡಿ ಭಾರವೆಲ್ಲ ಆ ‘ಪಿ’ ಮೇಲೇ ಜೋತು ಬಿದ್ದಿರಬೇಕು,” ಎಂದೆ. “ಹಿಂದಿನಿಂದ ಒಂಚೂರು ಮೇಲಕ್ಕೆ ತಳ್ಳಿ ನೋಡೋಣ.”

“ಅತ್ತಿಗೆ, ಇದು ಟ್ರಕ್ಕು. ನಿಮ್ಮ ಒಗೆಯೋ ಕಲ್ಲಲ್ಲ.”

“ಚಿಕ್ಕಪ್ಪ, ಕೆಳಗಿಳಿ,” ಎಂದಳು ಮಗಳು.

ಲೈಸೆನ್ಸ್ ಅವಳಿಗೂ ಇತ್ತು. ಅವನು ಗೊಣಗುತ್ತ ಇಳಿದ. ನನ್ನ ಗಂಡ, ಎದುರಿನ ವೆಲ್ಡರ್, ಅವನ ತಮ್ಮ, ಮೈದುನ, ನಾಲ್ವರೂ ಹಿಂದೆ ಭುಜ ಕೊಟ್ಟರು. ಮಗಳು ಅವನ ಜಾಗದಲ್ಲಿ ಕೂತು ಬ್ರೇಕ್ ಬಿಟ್ಟಳು. ಟ್ರಕ್ ಅಂಗೈಯಷ್ಟು ಮುಂದೆ ಸರಿಯಿತು. ತಟ್ಟನೆ ಬ್ರೇಕ್ ಒತ್ತಿ ಗೇರು ಎಳೆದಳು. ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಬಂತು. ಅವರು ಪಕ್ಕಕ್ಕೆ ಸರಿದದ್ದೇ ತಡ, ಚಿಕ್ಕಪ್ಪನನ್ನು ಹತ್ತಿಸಿಕೊಳ್ಳದೆ ಹೊರಟೇಹೋದಳು.

ಮೈದುನ ಮುಖದ ಧೂಳು ಒರೆಸಿಕೊಂಡು ವೆಲ್ಡರನಿಗೆ ಹೇಳಿದ: “ನೋಡಿದ್ಯಾ? ನಾನು ಹಿಂದೆ ನಿಂತಿದ್ದಕ್ಕೆ ಆಯ್ತು.”

ಮಧ್ಯಾಹ್ನ ಮಗಳು ಖಾಲಿ ತಟ್ಟೆಗಳೊಂದಿಗೆ, ಇನ್ನೊಂದು ಆರ್ಡರಿನೊಂದಿಗೆ ಬಂದಳು. ಇಳಿಜಾರಿನಲ್ಲಿ ನಿಲ್ಲಿಸಿ, ‘ಪಿ’ ಹಾಕುವ ಮೊದಲೇ ಹ್ಯಾಂಡ್‌ಬ್ರೇಕ್ ಎಳೆದಳು. ಆ ಕರ್ರೆಂಬ ಸದ್ದು ಅಡುಗೆಮನೆಯ ತನಕ ಕೇಳಿತು.

“ಅಷ್ಟು ಎಳೀಬೇಡ ಮಗು,” ಜಗಲಿಯಿಂದ ಮೈದುನನ ದನಿ ಬಂತು. “ಕೇಬಲ್ ಸವೆದುಹೋಗುತ್ತೆ. ಇವೆಲ್ಲ ನಿಮಗೆ ಗೊತ್ತಾಗಲ್ಲ.”