ಸೋಗೆಯಿಲ್ಲದ ಚಪ್ಪರ

ಕುಷ್ಟಾಚಾರ್ರು ಕಂಬಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಕಣ್ಣು ಮುಚ್ಚಿ, ನಾಲಿಗೆಯ ತುದಿಯನ್ನು ಮರಕ್ಕೆ ಮುಟ್ಟಿಸಿದರು. ನೀರಿನ ಪೈಪು ಹಿಡಿದು ನಿಂತಿದ್ದ ತೋಟದಾಳು ಸೂರನಿಗೆ ನಗು ತಡೆಯಲಾಗಲಿಲ್ಲ.

"ಹ್ವಾಯ್ ಆಚಾರ್ರೆ, ಗಂಜಿ ತಕಂಡ್ ಬರ್ಕಾ? ಬರೀ ಉಪ್ಪಿನ್ಕಾಯಿ ನೆಕ್ತಾ ಇದ್ರಿಯಲ್ದಾ!"

"ಬಾಯ್ ಮುಚ್ಕಂಡ್ ಇನ್ನೊಂದ್ ಸಲ ನೀರ್ ಬಿಡ್. ಉಪ್ಪ್ ಹೋಯ್ಲಿಲ್ಲೆ."

"ನಾಕ್ ಸಲ ತೊಳ್ದಾಯ್ತ್. ಮದಿ ಹೆಣ್ಣಿಗೂ ಇಷ್ಟ್ ನೀರ್ ಹೊಯ್ಯುದಿಲ್ಲೆ ಮಾರಾಯ್ರೆ."

"ಮದಿ ಹೆಣ್ಣ್ ಮಳಿಗಾಲ ಪೂರ್ತಿ ಕಡ್ಲ್ ಬದಿಯಲ್ ನಿಂತ್ಕಂಡಿರ್ತಿಲ್ಲೆ. ಹೊಯ್."

ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಹೊಳೆ, ಇನ್ನೊಂದು ಮಗ್ಗುಲಿಗೆ ಕಡಲು. ಕಡಲ ಬದಿಯ ತುಂಡು ಜಾಗದಲ್ಲಿ ರತನ್ ಕಟ್ಟಿಸಿದ ರೆಸಾರ್ಟಿನ ಅಂಗಳದಲ್ಲಿತ್ತು ಆ ಚಪ್ಪರ. ಎಂಟು ಕಂಬ, ಮೇಲೆ ಅಡ್ಡ ತೊಲೆ, ತೊಲೆಯ ಮೇಲೆ ಸಾಲು ಪಟ್ಟಿ, ಅಷ್ಟೇ. ಹೊದಿಕೆಯೇ ಇಲ್ಲ. ರತನ್ ಅದನ್ನು ಪರ್ಗೋಲ ಎನ್ನುತ್ತಿದ್ದ. ದೂರದೇಶದ ದೇವದಾರು, ಹಡಗಿನಲ್ಲಿ ಬಂದದ್ದು. "ಮಳಿ ತಡೂದಿಲ್ಲೆ, ಬಿಸ್ಲ್ ತಡೂದಿಲ್ಲೆ. ಸೋಗೆ ಇಲ್ದಿದ್ ಚಪ್ಪರ ಎಂತಕೆ?" ಎಂದು ಆಚಾರ್ರು ಮೊದಲ ದಿನವೇ ಕೇಳಿದ್ದರು. "ಫೋಟೋ ತೆಗುಕೆ" ಎಂದಿದ್ದ ಸೂರ.

ಬಂದಾಗ ಅದಕ್ಕೆ ಜೇನಿನ ಬಣ್ಣವಿತ್ತಂತೆ. ಪೇಟೆಯಿಂದ ಬಂದ ಕೆಲಸದವರು ಮಿರಮಿರ ಮಿಂಚುವ ವಾರ್ನಿಷು ಬಳಿದು ಹೋದರು. ಆಟಿ ತಿಂಗಳ ಮಳೆಗಾಳಿಗೆ ವಾರ್ನಿಷು ಸುಟ್ಟಗಾಯದ ಹಾಗೆ ಬೊಬ್ಬೆಯೆದ್ದಿತು. ಎರಡನೆಯ ಮಳೆಗಾಲಕ್ಕೆ ಹಾವಿನ ಪೊರೆಯಂತೆ ಸುಲಿದುಬಂತು. ಒಳಗೆ ಮರ ಬೂದಿ ಬಣ್ಣಕ್ಕೆ ತಿರುಗಿ ಬೂಷ್ಟು ಹಿಡಿದಿತ್ತು. ಕಬ್ಬಿಣದ ಬೋಲ್ಟು ಹಾಕಿದಲ್ಲೆಲ್ಲ ಕಪ್ಪು ನೀರು ಇಳಿದು, ಕಂಬಗಳು ಕಾಡಿಗೆ ಕರಗುವಂತೆ ಅತ್ತ ಹಾಗೆ ಕಾಣುತ್ತಿದ್ದವು.

ಉಪ್ಪು ನೆಕ್ಕಿ ನೋಡುವುದು ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುತ್ತಿದ್ದ ಆಚಾರ್ರ ಅಪ್ಪಯ್ಯನಿಂದ ಬಂದ ಪದ್ಧತಿ. ದೋಣಿಯನ್ನು ದಡಕ್ಕೆಳೆದು ಎಣ್ಣೆ ಕೊಡುವ ಮೊದಲು ಸಿಹಿನೀರಿನಲ್ಲಿ ತೊಳೆಯಬೇಕು, ಒಣಗಿಸಬೇಕು, ನಾಲಿಗೆಯಿಟ್ಟು ನೋಡಬೇಕು. ಉಪ್ಪು ಒಳಗಿದ್ದರೆ ಮೇಲೆ ಎಂತಹ ಎಣ್ಣೆ ಹಚ್ಚಿದರೂ ಅದು ನಿಲ್ಲುವುದಿಲ್ಲ. ನೋಡಿದ್ದನ್ನು ನೋಡಿದ ಹಾಗೆ ಹೇಳಬೇಕು. ಯಾಕೆಂದರೆ ಆ ಮರ ನಂಬಿ ನಾಲ್ಕು ಜನ ಕಡಲಿಗೆ ಇಳಿಯುತ್ತಾರೆ. "ಮರ ಮುಟ್ಟಿದ್ ನಾಲ್ಗಿಯಲ್ ಸುಳ್ಳ್ ಹೇಳುಕಾಗ" ಎಂದು ಅಪ್ಪಯ್ಯ ಹೇಳಿದ್ದನ್ನು ಆಚಾರ್ರು ತಮ್ಮ ಅರವತ್ತನಾಲ್ಕನೆಯ ವಯಸ್ಸಿನವರೆಗೂ ನಡೆಸಿಕೊಂಡು ಬಂದಿದ್ದರು.

ಈಗ ಹಂಗಾರಕಟ್ಟೆಯಲ್ಲಿ ಅವರಿಗಿದ್ದದ್ದು ಫೈಬರ್ ದೋಣಿಗಳಿಗೆ ತೇಪೆ ಹಾಕುವ ಕೆಲಸ. ಮರದ ದೋಣಿ ಕೇಳುವವರಿಲ್ಲ. ಅವರು ಕಟ್ಟಿದ್ದರಲ್ಲಿ ಉಳಿದದ್ದು ಒಂದೇ: ಮೂವತ್ತೆಂಟು ವರ್ಷದ ಹಿಂದೆ ಅಪ್ಪಯ್ಯನ ಜೊತೆ ನಿಂತು ರತನ್‌ನ ತಂದೆ ಪಾಂಡುವಿಗೆ ಕಟ್ಟಿಕೊಟ್ಟ ಹೆಬ್ಬಲಸಿನ ದೋಣಿ. ಪಾಂಡು ಸತ್ತ ಮೇಲೆ ಅದು ರಸ್ತೆಯಾಚೆ, ಹೊಳೆಬದಿಯ ಮಾಡಿನಡಿ ಮಗುಚಿ ಬಿದ್ದುಕೊಂಡಿತ್ತು. ಅದನ್ನು ಕೊಯ್ದು ಚಪ್ಪರದಡಿಗೆ ಬೆಂಚು ಮಾಡಿಸಬೇಕೆಂದು ಡಿಸೈನರು ಚಿತ್ರ ಬರೆದುಕೊಟ್ಟಿದ್ದ. ಆಚಾರ್ರು ಈ ಕೆಲಸಕ್ಕೆ ಒಪ್ಪಿದ್ದೇ ಆ ದೋಣಿಗಾಗಿ.

"ನಂಗೆ ಬೇರೆಂತ ಬೇಡ. ಚಪ್ಪರ ಸಮಾ ಮಾಡ್ಕೊಡ್ತೆ. ದೋಣಿ ನಂಗೆ ಬಿಡಿ. ಒಂದ್ ಸಲ ನೀರಿಗ್ ಇಳಿಸ್ಕಂಬ ಅಂದೇಳಿ ಆಸಿ."

ರತನ್ ನಕ್ಕಿದ್ದ. "ಮದಿ ದಿನಕ್ಕೆ ಇದ್ ಚೆಂದ ಕಂಡ್ರೆ ದೋಣಿ ನಿಮ್ದೇ ಆಚಾರ್ರೆ. ಅಪ್ಪಯ್ಯನ್ ಹೆಸ್ರಲ್ ಹೇಳ್ತಾ ಇದ್ದೆ."

ಮದುವೆ ಬೆಂಗಳೂರಿನ ಯಾರದ್ದೋ. ಈ ಚಪ್ಪರದ ಅಡಿಯಲ್ಲೇ ಧಾರೆಯಾಗಬೇಕೆಂದು ಗೊತ್ತು ಮಾಡಿದ್ದರು.

ಐದನೆಯ ತೊಳೆತಕ್ಕೆ ಉಪ್ಪು ಹೋಯಿತು. ಆಚಾರ್ರು ಬೋಲ್ಟುಗಳನ್ನೆಲ್ಲ ಬಿಚ್ಚಿ ಹಿತ್ತಾಳೆಯದ್ದು ಹಾಕಿಸಿದರು. ಸಿಮೆಂಟಿನಲ್ಲಿ ನೀರು ಕುಡಿಯುತ್ತ ನಿಂತಿದ್ದ ಕಂಬಗಳ ಬುಡ ಎತ್ತಿ ಶಿಲೆಕಲ್ಲು ಕೊಟ್ಟರು. ಕೀಸಿದರು, ಒಣಗಿಸಿದರು. ಮರದ ಜೇನುಬಣ್ಣ ಒಳಗಿನಿಂದ ಮೆಲ್ಲಗೆ ಎದ್ದು ಬಂದಾಗ ಸೂರ ಕೂಡ ತಮಾಷೆ ಮರೆತು ಕೈಯಾಡಿಸಿ ನೋಡಿದ.

ರತನ್ ತರಿಸಿಟ್ಟ ಬಣ್ಣದೆಣ್ಣೆಯನ್ನು ಆಚಾರ್ರು ಒಂದು ಮೂಲೆಯಲ್ಲಿ ಹಚ್ಚಿ ನೋಡಿದರು. ಚೆಂದವೇನೋ ಇತ್ತು. ಆದರೆ ಉಗುರಿನಲ್ಲಿ ಗೀರಿದರೆ ಚರ್ಮದಷ್ಟೇ ಆಳ. ಈ ಕಡಲಿನ ಮುಂದೆ ಅದರ ಆಯುಷ್ಯ ಎಷ್ಟು? ಅವರಿಗೆ ಗೊತ್ತಿದ್ದ, ಕಡಲೇ ಕೊಟ್ಟ ಔಷಧ ಒಂದಿತ್ತು: ಬೈಗೆ ಮೀನು ಬೇಯಿಸಿ ತೆಗೆದ ಎಣ್ಣೆ. ದೋಣಿಗಳು ತಲೆಮಾರು ಬಾಳಿದ್ದು ಅದರಿಂದ. ನಾತ ಇರುತ್ತದೆ, ಹೌದು. ಹದಿನೈದು ಬಿಸಿಲಿಗೆ ಎಲ್ಲ ಹೋಗುತ್ತದೆ. ಮದುವೆಗೆ ಇಪ್ಪತ್ತೆರಡು ದಿನವಿತ್ತು.

ಗಂಗೊಳ್ಳಿಯಿಂದ ಎರಡು ಡಬ್ಬಿ ಮೀನೆಣ್ಣೆ ತಂದರು. ರತನ್ ಊರಲ್ಲಿರಲಿಲ್ಲ, ಇದ್ದಿದ್ದರೂ ಕೇಳುತ್ತಿದ್ದರೋ ಇಲ್ಲವೋ. ದೋಣಿಕಾರನ ಮಗನಿಗೆ ಮೀನೆಣ್ಣೆಯ ಗುಣ ಬಿಡಿಸಿ ಹೇಳಬೇಕೆಂದು ಅವರಿಗೆ ತೋಚಲೇ ಇಲ್ಲ. ಕಡಲಿಗೆ ಮುಖ ಮಾಡಿದ ಕಂಬಕ್ಕೆ ಮೊದಲ ಹನಿ ಇಟ್ಟು, ಕೈಮುಗಿದು, ಎರಡು ದಿನ ಎಣ್ಣೆ ಕುಡಿಸಿದರು. ಮರ ಬಾಯಾರಿದವರ ಹಾಗೆ ಕುಡಿಯಿತು.

ಐದನೆಯ ದಿನ ಅರಬ್ಬಿ ಕಡಲಲ್ಲಿ ಚಂಡಮಾರುತವೆಂದು ಮೋಡ ಕವಿಯಿತು. ಹನ್ನೊಂದು ದಿನ ಸೂರ್ಯನ ಮುಖ ಕಾಣಲಿಲ್ಲ. ಎಣ್ಣೆ ಒಣಗದೆ ಮರದ ಮೇಲೆ ಬೆವರಿನಂತೆ ನಿಂತಿತು. ಚಪ್ಪರದ ಮೇಲೆ ಕಾಗೆಗಳ ಸಾಲು, ಕೆಳಗೆ ಊರಿನ ಬೆಕ್ಕುಗಳ ಸಭೆ. ಆರು ದಿನ ಉಳಿದಿರುವಾಗ ಮದುವೆಯವರು ಜಾಗ ನೋಡಲು ಬಂದರು. ಹೆಣ್ಣಿನ ತಾಯಿ ಮೆಟ್ಟಿಲು ಹತ್ತುತ್ತ ಹತ್ತುತ್ತ ಸೆರಗು ಮೂಗಿಗೊತ್ತಿಕೊಂಡು ಹಾಗೇ ಹಿಂದೆ ತಿರುಗಿದಳು. ಮದುವೆ ಕುಂದಾಪುರದ ಸಭಾಭವನಕ್ಕೆ ಹೋಯಿತು.

ಮರುದಿನ ಬೆಳಿಗ್ಗೆ ರತನ್ ಅವರನ್ನು ಕರೆಸಿದ. ಹೆಂಡತಿ ಶ್ರೀಲತಾ ಜಗಲಿಯಲ್ಲಿ ನಿಂತಿದ್ದಳು.

"ಆಚಾರ್ರೆ, ಎಂತ ಮಾಡಿದ್ರಿ ಮಾರಾಯ್ರೆ? ಜನ ಉಂಬು ಜಾಗ ಇದ್."

"ನಾಕ್ ಬಿಸ್ಲ್ ಬೀಳ್ಲಿ. ಹೋತ್ತ್. ನಿಮ್ ಅಪ್ಪಯ್ಯನ್ ದೋಣಿ ಇದೇ ಎಣ್ಣೆಯಲ್ಲಲ್ದಾ ಬಾಳದ್ದ್?"

"ಇದ್ ದೋಣಿ ಅಲ್ಲ!" ಶ್ರೀಲತಾ ಎಂದಳು. "ನಿನ್ನೆಯಿಂದ ಒಬ್ರೂ ರೂಮ್ ಕೇಳುದಿಲ್ಲೆ."

ಆಗ ಒಳಗಿನಿಂದ ರತನ್‌ನ ತಾಯಿ, ಬಾಗಿ ಎಂಬಾಕೆ, ಕೋಲು ಊರುತ್ತ ಬಂದಳು. ಆಚಾರ್ರಿಗೆ ಹೋದ ಜೀವ ಬಂದಂತಾಯಿತು. ಬೈಗೆ ಬುಟ್ಟಿ ತಲೆಮೇಲೆ ಹೊತ್ತು ಬೈಂದೂರು, ಉಪ್ಪುಂದ ಎಂದು ಮನೆಮನೆ ತಿರುಗಿದವಳು. ದೋಣಿ ನೀರಿಗಿಳಿದ ದಿನ ಅವರ ಕೈಗೆ ಬೆಲ್ಲ ಕೊಟ್ಟವಳು. ಅವಳಿಗಿಂತ ಬೇರೆ ಸಾಕ್ಷಿ ಬೇಕೇ?

"ಬಾಗಕ್ಕ, ನೀವಾರೂ ಹೇಳಿ. ಈ ವಾಸ್ನಿ ನಿಮ್ಗೆ ಹೊಸ್ತಾ?"

ಬಾಗಿ ಚಪ್ಪರದ ಕಂಬದವರೆಗೆ ನಡೆದು ಹೋದಳು. ಮುಟ್ಟಲಿಲ್ಲ.

"ಹೊಸ್ತಲ್ಲ ಕುಷ್ಟ. ಅದ್ಕೇ ಹೇಳುದ್." ಅವಳ ದನಿ ಏರಲಿಲ್ಲ. "ಬಸ್ಸಂಗೆ ನಾನ್ ಕೂತ್ರೆ ಪಕ್ಕದ್ ಹೆಂಗ್ಸ್ರ್ ಎದ್ದ್ ನಿಂತ್ಕಂತಿದ್ರ್. ಈ ಮಾಣಿ ಶಾಲಿಗ್ ಹೋಪ್ಕಿದ್ರೆ ಹುಣ್ಸಿಹಣ್ಣ್ ಹಾಕಿ ಕೈ ತಿಕ್ಕಂತಿದ್ದೆ, ಚರ್ಮ ಹೋಪಲ್ಲಿವರಿಗೆ. ಆದ್ರೂ ಮಾಷ್ಟ್ರ್ ದೂರ ನಿಂತೇ ಮಾತಾಡ್ತಿದ್ರ್. ಮೂವತ್ತ್ ವರ್ಷ ತಿಕ್ಕಿ ತೆಗ್ದದ್ದ್ ನಾನ್. ನೀನ್ ಅದನ್ನೇ ತಂದ್ ಬಾಗ್ಲ್ ಎದ್ರ್ ಬಳ್ದಿ."

ಕಾಗೆಯೊಂದು ತೊಲೆಯ ಮೇಲೆ ಕೊಕ್ಕು ಮಸೆಯಿತು.

"ತೆಗ್ಸ್ ರತನಾ," ಎಂದು ಬಾಗಿ ಕೋಲೂರುತ್ತ ಒಳಗೆ ಹೋದಳು.

ಆಚಾರ್ರು ಉಳಿ, ಕೀಸುಳಿ ಚೀಲಕ್ಕೆ ತುಂಬಿಕೊಂಡರು. ಗೇಟಿನ ಹತ್ತಿರ ನಿಂತು ಕೇಳಿದರು: "ದೋಣಿ?"

ರತನ್ ಕಡಲ ಕಡೆ ನೋಡಿದ. "ಮದಿ ದಿನಕ್ಕೆ ಅಂತಲ್ದಾ ಹೇಳಿದ್ದ್, ಆಚಾರ್ರೆ."

ತಿಂಗಳು ಕಳೆದ ಮೇಲೆ ಅವನದೇ ಫೋನು. ದೋಣಿ ಕೊಯ್ಯಲು ಬಂದವರ ಯಂತ್ರದ ಗರಗಸ ಮೂರು ಸಲ ತುಂಡಾಗಿತ್ತು. ಮೊಳೆ ಎಲ್ಲೆಲ್ಲಿವೆಯೆಂದು ಕಟ್ಟಿದವರಿಗಲ್ಲದೆ ಇನ್ಯಾರಿಗೂ ತಿಳಿಯದು. ಒಮ್ಮೆ ಬಂದು ಗುರುತು ಹಾಕಿಕೊಡಬಹುದೇ?

"ಹೋಪ್ದ್ ಬೇಡ," ಹೆಂಡತಿ ಅಕ್ಕು ಸಿಡುಕಿದಳು. "ನಾಯಿ ಓಡ್ಸ್ದಂಗ್ ಓಡ್ಸಿರ್ ಅಲ್ದಾ? ಮಾನ ಮರ್ಯಾದಿ ಇಲ್ಯಾ ನಿಮ್ಗೆ?"

"ಗರಗಸಕ್ಕೆ ಕಣ್ಣಿಲ್ಲೆ ಅಕ್ಕು. ಸಿಕ್ಕದಲ್ ಕಚ್ಚಿ ಸಿಗದ್ ಹಾಕತ್ತ್. ಹೆಣ ಸುಡೂಕೂ ಒಂದ್ ಕ್ರಮ ಇತ್ತಲ್ದಾ."

ಹೋದರು. ಸೀಮೆಸುಣ್ಣ ಹಿಡಿದು ದೋಣಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಹಲಗೆಯ ಮೇಲೆ ಅಂಗೈ ಸರಿಸುತ್ತ, ಇಲ್ಲೊಂದು, ಇಲ್ಲೊಂದು ಎಂದು ಗುರುತು ಹಾಕುತ್ತ ಹೋದರು. ಹೊರಗಿನಿಂದ ಅಪ್ಪಯ್ಯ ಹೊಡೆದದ್ದು, ಒಳಗಿನಿಂದ ತಾನು ಆನಿಸಿ ಹಿಡಿದದ್ದು. ಒಂದೂ ತಪ್ಪಲಿಲ್ಲ. ಗರಗಸ ಆಮೇಲೆ ಬೆಣ್ಣೆ ಕೊಯ್ದ ಹಾಗೆ ಹೋಯಿತು.

ನಾಲ್ಕನೆಯ ದಿನ ಮತ್ತೆ ಕರೆ: ಬೆಂಚಿನ ಕಾಲು ಕೂಡಿಸುವಲ್ಲಿ ಹಲಗೆಯ ಬಾಗು ಹೊಂದುತ್ತಿಲ್ಲ. ಅದಕ್ಕೂ ಹೋದರು. ಚಪ್ಪರಕ್ಕೆ ಈಗ ಕಾಫಿ ಬಣ್ಣ ಬಳಿದಿದ್ದರು. ದೇವದಾರು ಎಲ್ಲೂ ಕಾಣುತ್ತಿರಲಿಲ್ಲ. ಅದರಡಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬಾಗಿ ಕೂತಿದ್ದಳು. ಹಿಂದೆ ರತನ್. ಆಚಾರ್ರು ಕಾಲು ಕೂಡಿಸಿ ಎದ್ದಾಗ, ಸೂರ ವಾರ್ನಿಷಿನ ಡಬ್ಬಿ ಹಿಡಿದು ಓಡಿಬಂದ. ಮುಖದಲ್ಲಿ ತಮಾಷೆ ಇರಲಿಲ್ಲ.

"ಆಚಾರ್ರೆ, ಒಂದ್ ಸಲ ಕಾಣಿ. ಇವ್ರ್ ಯಾರೂ ಹೇಳ್ಲಿಲ್ಲೆ, ನಾನೇ ಎರಡ್ ಸಲ ತೊಳ್ದಿದೆ. ಉಪ್ಪ್ ಹೋಯ್ದಾ? ಇನ್ನೂ ಹೊಯ್ಕಾರೆ ಹೊಯ್ತೆ."

ಆಚಾರ್ರು ಬಗ್ಗಿದರು. ಕಣ್ಣು ಮುಚ್ಚಿ ಹಲಗೆಗೆ ನಾಲಿಗೆ ಮುಟ್ಟಿಸಿದರು. ಮೂವತ್ತೆಂಟು ವರ್ಷದ ಕಡಲು ಅಲ್ಲಿತ್ತು, ನಾಲಿಗೆ ಚುರ್ರೆನ್ನುವಷ್ಟು. ಎರಡಲ್ಲ, ಇಪ್ಪತ್ತು ತೊಳೆತಕ್ಕೂ ಹೋಗುವಂಥದ್ದಲ್ಲ.

ತಲೆಯೆತ್ತಿದರು. ಬಾಗಿ ಅವರನ್ನೇ ನೋಡುತ್ತಿದ್ದಳು. ರತನ್ ಗಡಿಯಾರ ನೋಡಿಕೊಂಡ. ಸೂರ ಕೊಡಪಾನದ ಕಡೆ ಅರ್ಧ ತಿರುಗಿ ನಿಂತಿದ್ದ, ಹೇಳಿದರೆ ಹೊಯ್ಯಲು ತಯಾರಾಗಿ.

"ಹೋಯ್ತ್," ಎಂದರು ಆಚಾರ್ರು. "ಬಳಿ."

ಸೂರ ಸಂತೋಷದಲ್ಲಿ ಡಬ್ಬಿಯ ಮುಚ್ಚಳ ತೆರೆದ.

ಮನೆ ಮುಟ್ಟುವಾಗ ಮಧ್ಯಾಹ್ನ ಇಳಿದಿತ್ತು. ಅಕ್ಕು ಏನೂ ಕೇಳದೆ ಗಂಜಿ ಬಡಿಸಿ, ಉಪ್ಪಿನ ಮರಿಗೆಯನ್ನು ಮುಂದಕ್ಕೆ ಸರಿಸಿದಳು. ಆಚಾರ್ರು ಎದ್ದು ಬಾವಿಕಟ್ಟೆಗೆ ಹೋದರು. ನೀರು ಸೇದಿ ಬಾಯಿ ಮುಕ್ಕಳಿಸಿದರು. ಮತ್ತೊಮ್ಮೆ ಸೇದಿದರು. ಅಕ್ಕು ಬಾಗಿಲಿಗೆ ಬಂದು ನೋಡಿದಾಗ ಅವರು ಕೊಡಪಾನವನ್ನು ಇನ್ನೊಂದು ಸಲ ಬಾವಿಗೆ ಇಳಿಸುತ್ತಿದ್ದರು. ಒಳಗೆ ಗಂಜಿಯ ಮೇಲೆ ಕೆನೆ ಕಟ್ಟತೊಡಗಿತ್ತು.