ಚಪ್ಪಲಿ ಹೊರಗೆ ಬಿಡುವ ಕೋಣೆ

೧೯೮೭ರ ಮಾರ್ಚ್ ಮೂವತ್ತೊಂದು, ಬೆಳಿಗ್ಗೆ ಹತ್ತೂ ಇಪ್ಪತ್ತು. ಮಲ್ಲಾರಿ ಚಪ್ಪಲಿ ಹೊರಗೆ ಬಿಟ್ಟು ಖಾಲಿ ಕೋಣೆಯೊಳಗೆ ಹೋದ.

ಒಳಗೆ ಒಂದು ಮೇಜು, ಒಂದು ಕುರ್ಚಿ, ಗೋಡೆಯಲ್ಲಿ ಎ.ಸಿ. ಇದ್ದವು. ಕಂಪ್ಯೂಟರ್ ಇರಲಿಲ್ಲ. ಇಚಲಕರಂಜಿಯ ಆ ನೇಕಾರರ ಸಂಘ ಅದಕ್ಕೆಂದೇ ಈ ಕೋಣೆ ಕಟ್ಟಿಸಿ ಎರಡು ವರ್ಷ ಎಂಟು ತಿಂಗಳಾಗಿತ್ತು. ಯಂತ್ರಕ್ಕೆ ಧೂಳು ಆಗದು, ಚಪ್ಪಲಿ ಹೊರಗೆ ಬಿಡಿ ಎಂದು ಬಾಗಿಲ ಮೇಲೆ ಮರಾಠಿಯಲ್ಲಿ ಬರೆಸಿದ್ದರು. ಯಂತ್ರ ಬರಲಿಲ್ಲ. ಚಪ್ಪಲಿಯನ್ನು ಮಾತ್ರ ಎಲ್ಲರೂ ಹೊರಗೇ ಬಿಡುತ್ತ ಬಂದರು. ಹೋದ ಖಂಡೇನವಮಿಯ ಆಯುಧಪೂಜೆಗೆ ಜವಾನ ಲಗಮಣ್ಣ ಖಾಲಿ ಮೇಜಿಗೆ ಅರಿಸಿನ ಹಚ್ಚಿ ಕಾಯಿ ಒಡೆದಿದ್ದ. ಯಾರೂ ನಗಲಿಲ್ಲ. ಬಿ.ಎಸ್ಸಿ. ಓದಿದ ಮಲ್ಲಾರಿಯೂ ಕೈ ಮುಗಿದಿದ್ದ.

ಅವನು ಸಂಘದ ಮ್ಯಾನೇಜರ್. ಸದಸ್ಯರಿಗೆ ನೂಲು ಹಂಚುವ ಪಟ್ಟಿಗಳನ್ನು ಕಂಪ್ಯೂಟರಿಗೆ ಒಪ್ಪಿಸಬೇಕೆಂದು ಮಂಡಳಿಗೆ ಬರೆದವನು ಅವನೇ. ಯಾವ ಯಂತ್ರ, ಯಾವಾಗ ಎಂಬುದನ್ನು ಮಂಡಳಿ ಅವನಿಗೇ ಬಿಟ್ಟಿತ್ತು. ಮೊದಲ ವರ್ಷ ಹಾರ್ಡ್ ಡಿಸ್ಕ್ ಇರುವುದು ಬರಲಿ ಎಂದು ಕಾದ. ಅದು ಪೇಟೆಗೆ ಬಂತು. ಮರುವರ್ಷ ಇನ್ನೂ ವೇಗದ್ದು ಬರಲಿ ಎಂದು ಕಾದ. ಅದೂ ಬಂತು. ಇಂದು ಸಂಜೆ ಐದರೊಳಗೆ ಖರೀದಿ ಪತ್ರಕ್ಕೆ ಸಹಿ ಬೀಳದಿದ್ದರೆ ಹಣದ ಮಂಜೂರಾತಿ ರದ್ದಾಗುತ್ತದೆ.

ಅವನಿಗೆ ಮೂವತ್ತೆಂಟು ವರ್ಷ. ಮದುವೆಯನ್ನೂ ಅವನು ಬೇಡ ಎಂದಿರಲಿಲ್ಲ.

ಬಾಗಿಲಲ್ಲಿ ಅಣ್ಣನ ಮಗಳು ಯಮುನವ್ವ ನಿಂತಿದ್ದಳು. ತಮ್ಮೂರು ಸುಳಕೂಡದಿಂದ ಮೊದಲ ಬಸ್ಸಿಗೆ ಬಂದಿದ್ದಳು. ಅವರದು ಕುರಿ ಕಾಯುವ ಮನೆತನ. ಅವಳು ಕೊಲ್ಹಾಪುರಕ್ಕೆ ಓಡಾಡಿ ಆರು ತಿಂಗಳ ಕಂಪ್ಯೂಟರ್ ಕೋರ್ಸು ಮುಗಿಸಿದ್ದಳು. ಯಂತ್ರ ಬಂದರೆ ಅದನ್ನು ನಡೆಸುವ ಕೆಲಸ ಅವಳಿಗೆ ಎಂದು ಮಂಡಳಿಯ ಠರಾವು ಆಗಿತ್ತು. ಬಾರದಿದ್ದರೆ ನಾಳೆ ಹನ್ನೊಂದಕ್ಕೆ ಗಡಹಿಂಗ್ಲಜದವರು ಅವಳ ಮನೆಗೆ ಮದುವೆ ನಿಶ್ಚಯಕ್ಕೆ ಬರುತ್ತಾರೆ. ಸೊಸೆ ಹೊರಗೆ ದುಡಿಯುವುದು ತಮಗೆ ಆಗದೆಂದು ಅವರು ಮೊದಲೇ ತಿಳಿಸಿದ್ದರು.

“ಕಾಕಾ, ಇವತ್ತರೆ ಸಹಿ ಮಾಡ್ತೀರಿಲ್ಲೋ?”

“ಮದ್ಲ ಒಮ್ಮೆ ನೋಡಿ ಬರೂಣು.”

“ಎಷ್ಟ ಸಲ ನೋಡ್ತೀರಿ? ಹೆಣ್ಣ ನೋಡಾಕೂ ಮಂದಿ ಇಷ್ಟ ಸಲ ಬರೂದಿಲ್ಲ.”

ಹೊರಗೆ ಸ್ಟೂಲಿನ ಮೇಲೆ ಕೂತಿದ್ದ ಲಗಮಣ್ಣ ನಕ್ಕ. “ಸಾಹೇಬ್ರು ಹೆಣ್ಣೂ ಹಂಗ ನೋಡ್ಕೋತ ಬಂದಾರ ಬಿಡವಾ.”

ಮಲ್ಲಾರಿ ಕೇಳಿಸದವನಂತೆ ಎ.ಸಿ. ಆರಿಸಿದ.

ಕೊಲ್ಹಾಪುರದ ಬಸ್ಸು ಊರು ದಾಟಿದರೂ ಮಗ್ಗಗಳ ಸದ್ದು ಅವನ ಹಲ್ಲುಗಳಲ್ಲಿ ಉಳಿದಿತ್ತು. ಅಂಗಿಯ ತೋಳಿನ ಮೇಲೆ ಹತ್ತಿಯ ಎಳೆಯೊಂದು ಕೂತಿತ್ತು. ಊದಿದರೆ ಏಳುತ್ತಿತ್ತು, ಮತ್ತೆ ಅಲ್ಲೇ ಇಳಿಯುತ್ತಿತ್ತು. ಪಕ್ಕದಲ್ಲಿ ಯಮುನವ್ವ ಒಂದು ಫ್ಲಾಪಿಯನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದಳು. ಕೋರ್ಸಿನಲ್ಲಿ ಕಲಿತದ್ದೆಲ್ಲ ಅದರಲ್ಲಿತ್ತು. ಅದನ್ನು ಹಾಕಲು ಅವಳಲ್ಲಿ ಯಂತ್ರವಿರಲಿಲ್ಲ.

ದಾರಿಯಲ್ಲಿ ಕುರಿಹಿಂಡು ಅಡ್ಡ ಬಂದು ಬಸ್ಸು ನಿಂತಿತು. ಮಲ್ಲಾರಿಗೆ ಮಂಪರು ಹತ್ತಿತ್ತು. ಆ ಮಂಪರಿನಲ್ಲಿ ಕರಿ ಕುರಿಗಳು ಒಂದೊಂದಾಗಿ ಸಂಘದ ಕೋಣೆಯ ಹೊಸ್ತಿಲಲ್ಲಿ ಅರೆಗಳಿಗೆ ನಿಂತು ಒಳಗೆ ಹೋದವು. ಯಾವುದೂ ಹೊರಗೆ ಬರಲಿಲ್ಲ. ಕೋಣೆ ತುಂಬಲೂ ಇಲ್ಲ.

“ಕಾಕಾ, ಇಳೀರಿ. ಕೊಲ್ಹಾಪುರ ಬಂತು.”

ಕಂಪ್ಯೂಟರ್ ಅಂಗಡಿಯ ಬಾಗಿಲಲ್ಲೂ ಚಪ್ಪಲಿ ಬಿಟ್ಟರು. ಮಾಲೀಕ ಕಾಕಾಸಾಹೇಬ “ಯಾ, ಯಾ, ಮಲ್ಲಾರಿರಾವ್!” ಎಂದು ಮರಾಠಿಯಲ್ಲಿ ಬರಮಾಡಿಕೊಂಡು ಕನ್ನಡಕ್ಕೆ ಹೊರಳಿದ. “ನಿಮ್ಮ ಯಂತ್ರ ಇನ್ನೂ ಇಲ್ಲೇ ಐತ್ರಿ. ಹರೇದಾಗ ನೋಡಿ ಹೋಗಿದ್ರಿ. ಈಗ ಮುದುಕಾಗಾಕತ್ತೈತಿ.”

ಯಮುನವ್ವ ಯಾರ ಅಪ್ಪಣೆಯನ್ನೂ ಕೇಳದೆ ಕುರ್ಚಿಯಲ್ಲಿ ಕೂತಳು. ಕಪ್ಪು ಪರದೆಯ ಮೂಲೆಯಲ್ಲಿ ಹಸಿರು ಗೆರೆಯೊಂದು ಮಿಣುಕುತ್ತಿತ್ತು. ಅವಳು ಇಂಗ್ಲಿಷಿನಲ್ಲಿ ತನ್ನ ಹೆಸರು ಒತ್ತಿದಳು. ಹೆಸರಿನ ಮುಂದೆ ಗೆರೆ ಮತ್ತೆ ಮಿಣುಕಿತು, ಮುಂದಿನದಕ್ಕೆ ಕಾಯುವಂತೆ. ಅವಳ ಕೆನ್ನೆಯ ಮೇಲೆ ಹಸಿರು ಬೆಳಕು ಬಿದ್ದಿತ್ತು. ಇವಳನ್ನು ತಾನು ಈ ಮೊದಲು ನೋಡಿಯೇ ಇಲ್ಲ ಎಂದು ಮಲ್ಲಾರಿಗೆ ಅನ್ನಿಸಿತು.

ಆಮೇಲೆ ಅವಳು ಫ್ಲಾಪಿ ಹಾಕಿ, ಕೋರ್ಸಿನಲ್ಲಿ ತಾನೇ ಸಿದ್ಧಪಡಿಸಿದ್ದ ನಾಲ್ಕುನೂರು ಹೆಸರುಗಳ ಪಟ್ಟಿ ತೆಗೆದು ಅಕ್ಷರಕ್ರಮಕ್ಕೆ ತಂದಳು. ಮಲ್ಲಾರಿ ಕೈಗಡಿಯಾರ ನೋಡಿಕೊಂಡಿದ್ದ.

“ಎಂಟ ಸೆಕೆಂಡ್.”

“ನಮ್ಮ ಗುಮಾಸ್ತರಿಗೆ ನಾಕ ದಿನಾ ಬೇಕ್ರಿ, ಕಾಕಾ.”

“ಹೊಸಾ ಮಾಡೆಲ್ ಬಂದ್ರ?” ಅವನು ಮಾಲೀಕನನ್ನು ಕೇಳಿದ.

“ಎರಡ ಸೆಕೆಂಡ್ ಅಂತಾರ್ರಿ. ದೀಪಾವಳಿಗೆ ಬರತೈತಿ.”

“ಅದರ ನಂತರ?”

“ಅದರ ನಂತರಾನೂ ಬರತೈತಿ.” ಕಾಕಾಸಾಹೇಬ ಕನ್ನಡಕ ತೆಗೆದು ಒರೆಸಿದ. “ಬರೂದು ನಿಲ್ಲೂದಿಲ್ರಿ. ತಗೊಳ್ಳವ್ರು ಎಲ್ಲೋ ಒಂದ ಕಡೆ ನಿಲ್ಲಬೇಕು.”

ಯಮುನವ್ವ ನಕ್ಕಳು. ಮಲ್ಲಾರಿ ಹೊಸದರಲ್ಲಿ ಉಳಿಯುವ ಆರು ಸೆಕೆಂಡುಗಳ ಬಗ್ಗೆ ಯೋಚಿಸುತ್ತಿದ್ದ. ಯಂತ್ರ ಆರಿಸಿದಾಗ ಪಟ್ಟಿ ಒಂದು ಚುಕ್ಕಿಯಾಗಿ ಕುಗ್ಗಿ ಆರಿಹೋಯಿತು.

ನಾಲ್ಕೂ ಮುಕ್ಕಾಲಿಗೆ ಅವನು ಮತ್ತೆ ಖಾಲಿ ಕೋಣೆಯಲ್ಲಿದ್ದ. ಎದುರಿಗೆ ಖರೀದಿ ಪತ್ರ. ಪಕ್ಕದ ಶೆಡ್ಡಿನ ಮಗ್ಗಗಳಿಗೆ ನೆಲ ಅದುರಿ, ಮೇಜಿನ ಮೇಲಿನ ಪೆನ್ನು ತಾನೇ ತುಸುತುಸು ಸರಿಯುತ್ತಿತ್ತು. ಮತ್ತೆ ಹಚ್ಚಿದ ಎ.ಸಿ.ಯ ತಂಪು ಹಿತವಾಗಿತ್ತು. ಬಾರದೆಯೇ ಈ ಮೇಜಿನ ಮೇಲೆ ಈಗ ಇರುವ ಯಂತ್ರಕ್ಕೆ ಸಮನಾದದ್ದು ಎಲ್ಲೂ ಇಲ್ಲ ಎಂದು ಅವನಿಗೆ ಹೊಳೆಯಿತು. ಅದು ಹಳತಾಗದು, ಕೆಡದು, ಒಂದು ಸೆಕೆಂಡನ್ನೂ ತೆಗೆದುಕೊಳ್ಳದು. ಸಹಿ ಮಾಡಿದರೆ ಎಂಟು ಸೆಕೆಂಡಿನ ಡಬ್ಬಿಯೊಂದು ಬಂದು ಅದರ ಜಾಗದಲ್ಲಿ ಕೂರುತ್ತದೆ.

“ಹದಿನೈದ ಮಿನಿಟ ಉಳದಾವ್ರಿ, ಕಾಕಾ,” ಎಂದಳು ಯಮುನವ್ವ ಹೊಸ್ತಿಲ ಆಚೆಯಿಂದ.

“ದೀಪಾವಳಿತನಾ ತಡದ್ರ…”

“ಯಂತ್ರ ತಡೀತೈತಿ. ಗಡಹಿಂಗ್ಲಜದವ್ರು ತಡ್ಯೂದಿಲ್ಲ.”

“ನಾ ಅವರಿಗೆ ಹೇಳ್ತೀನಿ.”

“ಹೋದ ವರ್ಷ ನನ್ನ ನೋಡಾಕ ಬಂದವ್ರಿಗೂ ನೀವ ಹೇಳಿದ್ರಿ. ಅವ್ರು ತಡದ್ರು. ನೀವೂ ತಡದ್ರಿ.”

ಮಲ್ಲಾರಿ ಪೆನ್ನು ಹಿಡಿದು ಸಹಿಯ ಜಾಗದಲ್ಲಿ ಬರೆದ. ‘ಉತ್ತಮ ಮಾದರಿ ಆರೇಳು ತಿಂಗಳಲ್ಲಿ ಬರುವ ನಿರೀಕ್ಷೆ ಇದೆ. ಅಲ್ಲಿಯವರೆಗೆ ಕಾಯುವುದು ಸೂಕ್ತ.’ ಬರೆದು ಮುಗಿಸಲು ಒಂದು ನಿಮಿಷವೂ ಹಿಡಿಯಲಿಲ್ಲ. ಅಕ್ಷರ ದುಂಡಗೆ ಬಂದಿತ್ತು.

ಅವಳು ದೂರದಿಂದಲೇ ಓದಿಕೊಂಡಳೋ, ಅವನ ಮುಖ ನೋಡಿ ತಿಳಿದಳೋ. ನೇರ ಒಳಗೆ ನಡೆದು ಬಂದಳು. ಕಾಲಲ್ಲಿ ಚಪ್ಪಲಿ ಇತ್ತು. ಒರೆಸಿದ ನೆಲದ ಮೇಲೆ ಎರಡು ಬಸ್‌ಸ್ಟ್ಯಾಂಡುಗಳ ಧೂಳು ಹೆಜ್ಜೆಹೆಜ್ಜೆಗೂ ಅಚ್ಚಾಯಿತು. ಪ್ಲಾಸ್ಟಿಕ್ ಚೀಲಗಳನ್ನು ಬಿಚ್ಚಿ ಫ್ಲಾಪಿಯನ್ನು ಮೇಜಿನ ನಡುವೆ, ಅರಿಸಿನದ ಕಲೆಯ ಮೇಲೆ ಇಟ್ಟಳು.

“ಹೊಸಾದು ಬಂದಾಗ ಇದನ್ನ ಹಾಕಿ ನೋಡ್ರಿ.”

ಅವನು ಏನೋ ಹೇಳಬೇಕೆಂದು ಬಾಯಿ ತೆರೆದ. “ಚಪ್ಪಲಿ,” ಎಂದ.

ಅವಳು ಹೊರಟುಹೋದಳು.

ಮರುದಿನ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಮಲ್ಲಾರಿ ಆಫೀಸಿನಲ್ಲೇ ಇದ್ದ. ಹನ್ನೊಂದರೊಳಗೆ ಸುಳಕೂಡ ಮುಟ್ಟಿಸುವ ಬಸ್ಸು ಹತ್ತಕ್ಕೇ ಬಿಟ್ಟಿತ್ತು. ಲಗಮಣ್ಣ ಒದ್ದೆ ಅರಿವೆ ಹಿಡಿದು ಬಂದು, ಚಪ್ಪಲಿ ಹೊರಗೆ ಬಿಟ್ಟು, ಕೋಣೆಯೊಳಗೆ ಹೋಗಿ ಹೆಜ್ಜೆಗಳನ್ನು ಒರೆಸಿದ.