ಮುಂದ ಹೋದ ಕೈ

ನಮ್ಮ ಲಾಡ್ಲೇಸಾಬ ಇನ್ನಾ ಬದುಕ್ಯಾನ. ಅವನ ಬಲಗೈ ಮಾತ್ರ ಕಬರಸ್ತಾನದಾಗ ಮಲಗೇದ. ಮುರುಗೆಪ್ಪ ಅಂದ್ರ ಸುಳ್ಳು ಹೇಳೋ ಮನಷ್ಯಾ ಅಂತ ಪುಣೆ ಬಾಜೂಕಿನ ಭೋಸರಿ ತುಂಬ ನನ್ನ ಹೆಸರದ. ಇರ್ಲಿ. ಇದರಾಗ ಸುಳ್ಳು ಅಂದ್ರ ಅಡಗಿಗಿ ಉಪ್ಪು ಹಾಕಿದಷ್ಟ. ಆ ಕೈಗೆ ಮಣ್ಣು ಹಾಕಿದವರಾಗ ನಾನೂ ಒಬ್ಬ.

ಲಾಡ್ಲೇಸಾಬ ಆಳಂದ ಕಡಿಯಾಂವ, ನಾ ಅಫಜಲಪುರದ ಕಡಿಯಾಂವ. ಇಬ್ಬರೂ ಭೋಸರಿಯ ಒಂದು ಪ್ರೆಸ್ ಶಾಪಿನಾಗ ತಲಿ ಬೆಳ್ಳಗ ಮಾಡ್ಕೊಂಡೀವಿ. ಪ್ರೆಸ್ ಅಂದ್ರ ಪೇಪರ್ ಛಾಪಿಸೋದಲ್ರಿ. ಆಳೆತ್ತರದ ಕಬ್ಬಿಣದ ಮಶೀನು. ಮ್ಯಾಲಿಂದ ಟನ್‌ಗಟ್ಟಲೆ ಭಾರ ಬಂದು ಬೀಳ್ತದ, ಕೆಳಗಿಟ್ಟ ತಗಡು ಕಾರಿನ ಭಾಗ ಆಗ್ತದ. ಮುಂದ ಎಡಕ್ಕೊಂದು ಬಲಕ್ಕೊಂದು ಬಟನ್. ಎರಡೂ ಕೂಡೇ ಒತ್ತಿದ್ರನ ಮಶೀನ್ ಬೀಳ್ತದ. ಎರಡೂ ಕೈ ಬಟನ್ ಮ್ಯಾಲಿದ್ರ ಒಳಗ ಯಾವ ಕೈ ಇರ್ತದ? ಅದನ್ನ ಮಾಡಿದಾಂವ ಶಾಣ್ಯಾ ಇದ್ದ.

ನಮ್ಮ ಸೂಪರ್‌ವೈಜರ್ ದಿಗಂಬರ ಅವನಕಿಂತ ಶಾಣ್ಯಾ. ಒಂದು ಬಟನ್ ಒತ್ತಿ ಹಿಡದು ಕಬ್ಬಿಣದ ತಾರ್‌ಲೆ ಕಟ್ಟಿಬಿಟ್ರ ಒಂದು ಕೈ ಖಾಲಿ ಆಗ್ತದ, ಆ ಕೈಲೆ ತಗಡು ಇಡಬಹುದು, ಮಾಲು ಜಾಸ್ತಿ ಬರ್ತದ ಅಂತ ಕಂಡುಹಿಡದ. ಕಟ್ಟೋ ಕೆಲಸ ಲಾಡ್ಲೇಸಾಬಗ ಬಿತ್ತು. ತಾರ್ ಹೆಣಿಯೋದ್ರಾಗ ಅವನ ಕೈ ಭಾಳ ಚಂದ. ಸಾಲಿಗೆ ಸಾಲು ಎಲ್ಲಾ ಮಶೀನಿಗೂ ಹೆರಳು ಹಾಕಿದಂಗ ಕಟ್ಟಿದ.

ಮುಂದೊಂದಿನ ಮೂಲ್ಯಾಗಿನ ಪ್ರೆಸ್ ಯಾರೂ ಒತ್ತಲಾರದೇ ತಾನೇ ಎರಡನೇ ಸಲ ಬಿತ್ತು. ಹಳೇ ಮಶೀನು, ಆಗಾಗ ಡಬಲ್ ಹೊಡೀತದ. ಎರಡೂ ಕೈ ಬಟನ್ ಮ್ಯಾಲಿದ್ದಿದ್ರ ಏನೂ ಆಗ್ತಿದ್ದಿಲ್ಲ. ಒಳಗ ಲಾಡ್ಲೇಸಾಬನ ಬಲಗೈ ಇತ್ತು.

ದವಾಖಾನ್ಯಾಗ ಮಣಿಕಟ್ಟಿನತನ ತೆಗದ್ರು. ಮಸೂದಿ ಮೌಲಾನಾ ಹೇಳಿದ್ರು, ಕೈ ಅಂದ್ರ ಅಲ್ಲಾಹ ನಮ್ಮ ಹತ್ರ ಇಟ್ಟ ಅಮಾನತ್ತು, ಒಂದಿನ ತಿರುಗಿ ಒಪ್ಪಿಸಬೇಕಾದ್ದು, ಕಸದಾಗ ಹಾಕಬಾರದು, ಮಣ್ಣು ಕೊಡ್ರಿ, ಜನಾಜಾ ನಮಾಜ್ ಬ್ಯಾಡ, ಆಳು ಇನ್ನಾ ಅದಾನ. ನಮ್ಮ ಜೊತಿ ಕೆಲಸ ಮಾಡೋ ಅವ್ವಣ್ಣಗ ಇಷ್ಟಕ್ಕ ಸಮಾಧಾನ ಆಗ್ಲಿಲ್ಲ. ನಮ್ಮ ಪದ್ಧತಿಯಂಗ ಮೂರನೇ ದಿನ ಹೋದವರಿಗಿ ಇಷ್ಟ ಆದದ್ದು ಒಯ್ದು ಇಡಬೇಕು ಅಂತ ಹಠ ಹಿಡದ. ಕೈಗೆ ಏನು ಇಷ್ಟ? ತಂಬಾಕು ತಿಕ್ಕೋದು. ಎಲಿ ಮ್ಯಾಲ ತಂಬಾಕು, ಸುಣ್ಣ ಇಟ್ಟು ಕಾಗಿ ದಾರಿ ಕಾದ. ಕಾಗಿ ಬಂತು, ನೋಡ್ತು, ಕೆಮ್ಮಿ ಹಾರಿ ಹೋತು. ಕಬರಸ್ತಾನ ಕಾಯೋ ಮುದುಕ ಬಂದು ಅದನ್ನ ತಾನೇ ದವಡಿಗಿ ಇಟ್ಗೊಂಡು, ಇಲ್ಲಿ ಇಂಥಾದ್ದೆಲ್ಲಾ ನಡಿಯಂಗಿಲ್ಲ, ಇನ್ನ ತರಬ್ಯಾಡ್ರಿ ಅಂದ.

ನಗೂದು ಅಲ್ಲೀತನ. ಆಮ್ಯಾಲ ಒಂದು ಶುಕ್ರವಾರ ಲಾಡ್ಲೇಸಾಬ ಮಸೂದಿಯಿಂದ ಬಂದಾಂವ ಊಟದ ಡಬ್ಬಿ ಬಿಚ್ಚಲೇ ಇಲ್ಲ. ಮೌಲಾನಾ ಹೇಳಿದ್ರಂತ, ಈ ದುನಿಯಾಕ್ಕ ಬಂದಿದ್ದು ಇಲ್ಲೇ ಇರ್ಲಾಕಲ್ಲ, ಅಲ್ಲಿಗಿ ತಯಾರಿ ಮಾಡ್ಕೊಳ್ಳಾಕ. ಹಿಸಾಬಿನ ದಿನ ಮನಷ್ಯಾನ ಬಾಯಿಗಿ ಮುದ್ರಿ ಬೀಳ್ತದ. ಆವತ್ತು ಕೈ ಮಾತಾಡ್ತಾವ, ಕಾಲು ಸಾಕ್ಷಿ ಹೇಳ್ತಾವ. ಎಲ್ಲರೂ ಕೇಳಿ, ಚಪ್ಪಲಿ ಹುಡಿಕ್ಕೊಂಡು ಮನಿಗಿ ಹೋದ್ರು. ಲಾಡ್ಲೇಸಾಬ ಮಾತ್ರ ಅಲ್ಲೇ ಕುಂತು ಹಿಸಾಬ್ ಹಾಕ್ದ. ಉಳಿದವರ ಕೈ ಉಳಿದವರ ಹತ್ರ ಅದಾವ. ಇವನದು ಮುಂದ ಹೋಗಿ ಕುಂತದ.

ನಿನ್ನದೇ ಕೈ ಅಲ್ಲೇನೋ, ನಿನ್ನ ಕಡೀನೇ ಹೇಳ್ತದ ಬಿಡು ಅಂದೆ.

"ಅದು ಯಾರ ಕಡೀನೂ ಹೇಳಂಗಿಲ್ಲ, ಮುರುಗ್ಯಾ," ಅಂದ. "ಏನು ಮಾಡೇದ ಅಷ್ಟ ಹೇಳ್ತದ. ತಾರ್ ಕಟ್ಟೇದ. ಆ ತಾರ್ ಇನ್ನಾ ಅಲ್ಲೇ ಅದಾವ. ನಾಳಿ ಯಾರದರ ಕೈ ಹೋದ್ರ, ನಾ ಮಣ್ಣಾಗಿದ್ರೂ ನನ್ನ ತಲಿಗೇ ಬರ್ತದ."

ಎಡಗೈಲೆ ಪುಣ್ಯ ಮಾಡಿ ಸರಿ ಮಾಡ್ಕೊ ಅಂತ ನಾನೇ ಬುದ್ಧಿ ಹೇಳ್ದೆ. ಖಜೂರಿ ಹಂಚ್ಲಾಕ ಶಿವಾಜಿನಗರ ಸ್ಟ್ಯಾಂಡಿಗಿ ಹೋದ. ಎಡಗೈಲೆ ಕೊಟ್ಟದ್ದು ಯಾರು ತೊಗೋತಾರ? ಬೇಡೋನೊಬ್ಬ, ಬಲಗೈ ಎಲ್ಲದ ಅಂತ ಕೇಳ್ದ. ಅದು ಕಬರಿನಾಗ ಅದ ಅಂತ ಇಂವ ಇದ್ದದ್ದ ಹೇಳ್ದ. ಕಾಲಿಲ್ಲ ಅಂತ ಕುಂತಾಂವ ಎದ್ದು ಓಡಿ ಹೋದ.

ಕೈ ಹೋದ ಮ್ಯಾಲ ಕಂಪನಿ ಅವನ್ನ ಕಸ ಹೊಡಿಲಾಕ, ಚಹಾ ಕೊಡ್ಲಾಕ ಇಟ್ಗೊಂಡಿತ್ತು. ದಿನಾ ಚಹಾ ಕೊಡುವಾಗ, "ಸಾಹೇಬ್ರ, ತಾರ್," ಅಂತಿದ್ದ. ಈ ಆರ್ಡರ್ ಒಂದು ಹೋಗ್ಲಿ ಅಂತ ದಿಗಂಬರ ಮರಾಠಿ ಒಳಗ ಅಂತಿದ್ದ. ಆರ್ಡರ್ ಎಂದರ ಮುಗಿತಾವೇನ್ರಿ? ಒಮ್ಮೆ ಲಾಡ್ಲೇಸಾಬ ತಾನೇ ಪಕ್ಕಡ ತೊಗೊಂಡು ಒಂದು ತಾರ್ ಕತ್ತರಿಸ್ದ. ಊಟದ ಸುಟ್ಟಿ ಮುಗಿಯೂದ್ರಾಗ ದಿಗಂಬರ ಬ್ಯಾರೇದವನ ಕೈಲೆ ಹೊಸಾದು ಕಟ್ಟಿಸಿ, ಪಕ್ಕಡ ಕಪಾಟಿನಾಗ ಒಗದು ಕೀಲಿ ಹಾಕ್ದ.

ಹಿಂಗಿದ್ದಾಗ ಸುಮಂಗಲಾ ಬಂದ್ಲು. ಜೇವರ್ಗಿ ಕಡಿ ಹೆಣ್ಮಗಳು, ಗಂಡ ಸೆಂಟ್ರಿಂಗ್ ಕೆಲಸದಾಂವ. ಮೊದಲನೇ ದಿನಾನೇ ಅಕಿನ್ನ ಮೂಲ್ಯಾಗಿನ ಪ್ರೆಸ್ಸಿಗಿ ಕೂಡಿಸಿದ್ರು. ನನ್ನ ಮಶೀನ್ ಅದರ ಬಾಜೂಕ. ಮುಂಜಾನಿ ಒಮ್ಮೆ ಅದು ಡಬಲ್ ಹೊಡೀತು. ನಾ ದಿಗಂಬರಗ ಹೇಳ್ದೆ, ನಾಳಿ ಮೆಕ್ಯಾನಿಕ್ ಬರ್ತಾನ ಅಂದ. ಮಧ್ಯಾಹ್ನ ಮತ್ತ ಹೊಡೀತು. ಅಕಿ ಬೆರಳು ಹಿಂದಕ್ಕ ಎಳ್ಕೊಂಡು ನನ್ನ ಕಡಿ ನೋಡಿದ್ಲು.

"ಇದು ಹಿಂಗ ಮಾಡ್ತದೇನ್ರಿ, ಅಣ್ಣಾ?"

ನಾ ಹೂಂ ಅನ್ನೂದ್ರಾಗ ಲಾಡ್ಲೇಸಾಬ ಅಲ್ಲಿದ್ದ. ಚಹಾದ ಕಿಟ್ಲಿ ನೆಲಕ್ಕಿಟ್ಟ. ತಗಡು ಇಡೋ ಜಾಗಾದಾಗ, ಆ ಭಾರದ ಬುಡಕ್ಕ, ತನ್ನ ಎಡಗೈ ಇಟ್ಟ. ಮ್ಯಾಲ ಚಕ್ರ ಗಿರ್ರಂತ ತಿರುಗ್ಲಿಕ್ಕತ್ತಿತ್ತು.

"ಯವ್ವಾ, ನಿನ್ನ ಎರಡೂ ಕೈ ಉಡ್ಯಾಗ ಇಟ್ಗೊ," ಅಂದ ಸುಮಂಗಲಾಗ.

ನಾ ಮೇನ್ ಸ್ವಿಚ್ಚಿಗಿ ಓಡಿದೆ. ಹಿಂದಿನಿಂದ ಅವನ ದನಿ ಬಂತು. "ಮುಟ್ಟಬ್ಯಾಡ, ಮುರುಗ್ಯಾ. ನೀ ಬಂದ್ ಮಾಡಿದ್ರ ನಾಳಿ ಮತ್ತ ಚಾಲೂ ಆಗ್ತದ. ಸಾಹೇಬ್ರೇ ಮಾಡ್ಲಿ." ನನ್ನ ಕೈ ಸ್ವಿಚ್ ಮ್ಯಾಲ ಹಂಗ ನಿಂತು ಬಿಡ್ತು.

ದಿಗಂಬರ ಬಂದ. ಮೊದಲು ನಕ್ಕ, ಆಮ್ಯಾಲ ಬೈದ, ಆಮ್ಯಾಲ ನಾಳಿಂದ ಕೆಲಸಕ್ಕ ಬರಬ್ಯಾಡ ಅಂದ. ಲಾಡ್ಲೇಸಾಬ ತಾರ್ ತೆಗಿರಿ ಅಂತ ಒಂದೇ ಮಾತು ಹಿಡದಿದ್ದ. ಯಾರರ ಎಳೀರಿ ಇವನ್ನ ಅಂತ ದಿಗಂಬರ ಅಂದಾಗ ಅವ್ವಣ್ಣ ಮುಂದ ಬಂದ. ಬಂದಾಂವ ನಿಂತ. ಒಂದು ಬಟನ್ ಕಟ್ಟೇ ಇತ್ತು. ಎಳದಾಡುವಾಗ ಇನ್ನೊಂದಕ್ಕ ಮೊಣಕೈ ತಾಗಿದ್ರ ಮುಗೀತು. ಅವ್ವಣ್ಣ ಒಂದೊಂದೇ ಹೆಜ್ಜಿ ಹಿಂದಕ್ಕ ಸರಿದ. ಅಲ್ಲಿಂದನ ಕೇಳ್ದ.

"ನಿಮ್ಮ ಮೌಲಾನಾನೇ ಅಮಾನತ್ತು ಅಂದಿದ್ರಲ್ಲೋ. ಇದನ್ನೂ ಕಳಕೊಂಡು ಹೋದ್ರ ಅಲ್ಲಿ ಏನು ಹೇಳ್ತಿ?"

"ಅದನ್ನೂ ಕೇಳ್ತಾರ," ಅಂದ ಲಾಡ್ಲೇಸಾಬ. "ಬೈಸ್ಕೋತೀನಿ. ಆದ್ರ ಈ ಹೆಣ್ಮಗಳ ಕೈ ಬಗ್ಗೆ ಕೇಳಿದ್ರ ನನ್ನ ಹತ್ರ ಜವಾಬಿಲ್ಲ."

ಅವನೇನು ಧೈರ್ಯಸ್ಥ ಅಂತ ತಿಳೀಬ್ಯಾಡ್ರಿ. ಗದ್ದದಿಂದ ಬೆವರು ಆ ಕೈ ಮ್ಯಾಲೇ ಬೀಳ್ತಿತ್ತು. ತುಟಿ ಒಳಗ ಕಲಮಾ ನಡದಿತ್ತು. ಅಷ್ಟರಾಗ ಮಶೀನಿನ ಒಳಗೆಲ್ಲೋ ಖಟ್ ಅಂತು. ಮ್ಯಾಲಿನ ಭಾರ ಒಂದು ಬೆರಳಿನಷ್ಟು ಕೆಳಗ ಜಾರಿ ನಿಂತು. ಡಬಲ್ ಹೊಡಿಯೋಕ ಮೊದಲು ಅದು ಹಂಗ ಮಾಡ್ತದ. ಶಾಪಿನಾಗ ಎಲ್ಲರಿಗೂ ಅದು ಗೊತ್ತು. ದಿಗಂಬರಗ ಎಲ್ಲರಕಿಂತ ಚೊಲೋ ಗೊತ್ತು.

ಲಾಡ್ಲೇಸಾಬ ಕಣ್ಣು ಮುಚ್ಚಿದ. ಕೈ ತೆಗೀಲಿಲ್ಲ.

ದಿಗಂಬರ ನನ್ನ ಕಡಿ ಬಂದ. ಸ್ವಿಚ್ ಮ್ಯಾಲಿಂದ ನನ್ನ ಬೆರಳು ಬಿಡಿಸಿ ತಾನೇ ಬಂದ್ ಮಾಡ್ದ. ಚಕ್ರ ಕೂಡ್ಲೇ ನಿಂದ್ರಂಗಿಲ್ರಿ, ಕರೆಂಟ್ ಹೋದ್ರೂ ಸಿಟ್ಟು ಇಳಿಯೂತನ ತಿರುಗ್ತದ. ಅದು ನಿಂತ ಮ್ಯಾಲ ದಿಗಂಬರ ಕಪಾಟಿನ ಕೀಲಿ ತೆಗದ, ಪಕ್ಕಡ ತಂದ, ತಾರ್ ಕತ್ತರಿಸ್ದ. ಒತ್ತಿದ ಬಟನ್ ಟಕ್ ಅಂತ ಮ್ಯಾಲ ಎದ್ದಿತು.

"ಉಳಿದವು," ಅಂದ ಲಾಡ್ಲೇಸಾಬ. ಕೈ ಇನ್ನಾ ಅಲ್ಲೇ ಇತ್ತು, ಅದು ಇರೂತನ ಸ್ವಿಚ್ ಹಾಕಂಗಿಲ್ಲ.

ದಿಗಂಬರ ಸಾಲು ಹಿಡದು ಹೋದ. ಟಕ್, ಟಕ್ ಅಂತ ಬಟನ್ ಎದ್ದು ಬಂದ್ವು. ಕಡೀದು ನನ್ನ ಮಶೀನಿಂದು. ಕೈ ಇಟ್ಟಾಂವ ನಾನೇ ಏನೋ ಅನ್ನೋವರಂಗ ನನ್ನನ್ನ ದುರುಗುಟ್ಟಿ ನೋಡ್ದ. ಅದೂ ಆದ ಮ್ಯಾಲ ಲಾಡ್ಲೇಸಾಬ ಕೈ ಹೊರಗ ತೊಗೊಂಡ. ಬೆರಳು ಮಡಚಲಾಕ ಬರ್ಲಿಲ್ಲ. ನೆಲಕ್ಕ ಕುಂತ.

ಚಹಾ ಆರಿ ಹೋಗಿತ್ತು, ಯಾರೂ ಕುಡೀಲಿಲ್ಲ. ಅಂವ ಹಂಗ ಕುಂತಲ್ಲಿಂದನ ಸುಮಂಗಲಾನ್ನ ನೋಡ್ದ. ನಮಾಜ್ ತಪ್ಪಿದ್ರ ಅಲ್ಲಾಹ ಮಾಫ್ ಮಾಡ್ಯಾನು, ಮನಷ್ಯಾಗ ಮಾಡಿದ ಅನ್ಯಾಯ ಆ ಮನಷ್ಯಾನೇ ಮಾಫ್ ಮಾಡಬೇಕು ಅಂತ ನನಗ ಹಿಂದಕ್ಕ ಒಮ್ಮೆ ಹೇಳಿದ್ದ.

"ಯವ್ವಾ, ಮೊದಲು ಈ ತಾರ್ ಕಟ್ಟಿದಾಂವ ನಾನು. ಮಾಫ್ ಮಾಡು."

ಅಕಿ ಅವನ ಮೋಟು ನೋಡಿದ್ಲು, ಎದ್ದು ನಿಂತ ಬಟನ್ ನೋಡಿದ್ಲು.

"ನಾಳಿ ನಿಮಗ ಒಳಗ ಬಿಡಂಗಿಲ್ಲ, ಕಾಕಾ," ಅಂದ್ಲು. "ಇವರು ಮತ್ತ ಕಟ್ಟಿಸಿದ್ರ? ಪಕ್ಕಡ ಇಲ್ಲದೇ ಬರೇ ಕೈಲೆ ಅದನ್ನ ಹ್ಯಾಂಗ ಬಿಚ್ಚಬೇಕು, ಅಷ್ಟ ತೋರಸ್ರಿ."

ದಿಗಂಬರ ಅಲ್ಲೇ ಪಕ್ಕಡ ಹಿಡ್ಕೊಂಡು ನಿಂತಿದ್ದ. ಲಾಡ್ಲೇಸಾಬ ನೆಲದ ಮ್ಯಾಲಿನ ಉದ್ದನೆ ತುಂಡೊಂದು ಹೆಕ್ಕಿದ. ಒಂದು ತುದಿ ತಾ ಹಿಡದ, ಇನ್ನೊಂದು ಅಕಿ ಕೈಯಾಗ ಕೊಟ್ಟ. ಹಿಂಗ ಸುತ್ತು, ಇಲ್ಲಿ ಒಳಗ ತೊಗೊ, ಈಗ ಹೆಬ್ಬೆಟ್ಟಿಲೆ ಹಿಂದಕ್ಕ ದೂಡು ಅಂತ ಹೇಳಿಕೊಟ್ಟ. ಸಾಲಿನಾಗಿನ ಉಳಿದ ಹೆಣ್ಮಕ್ಕಳೂ ಬಂದು ಬಗ್ಗಿ ನಿಂತ್ರು. ಮಾಫ್ ಮಾಡಿದಿಯೇನು ಅಂತ ಅಂವ ಮತ್ತ ಕೇಳ್ಲಿಲ್ಲ. ಮೊದಲನೇ ಸಲ ತಾರ್ ಅಕಿ ಉಗುರಿನಾಗ ಹೊಕ್ಕಿತು. ಎರಡನೇ ಸಲ ಬಿಚ್ಚಿತು.

"ಇನ್ನೊಮ್ಮೆ," ಅಂದ.